ಸಿಂಗಪುರಕ್ಕೆ ಒಯ್ಯುವ ಪೊಟ್ಟಣ

ಬೆಂಗಳೂರಿನಿಂದ ಸಿಂಗಪುರಕ್ಕೆ ಹೊರಟವರ ಮನೆಗೆ ಪ್ರಯಾಣದ ಹಿಂದಿನ ಸಂಜೆ ಪೊಟ್ಟಣಗಳು ಬಂದು ಸೇರುವುದು ನಮ್ಮಲ್ಲಿ ವಾಡಿಕೆ. ಅಲ್ಲಿರುವ ಮಗಳಿಗೆ ಚಟ್ನಿಪುಡಿ, ಸೋದರಳಿಯನಿಗೆ ಗೊಜ್ಜವಲಕ್ಕಿ, ಪರಿಚಿತರ ಪರಿಚಿತರಿಗೆ ಬಿಗಿಯಾಗಿ ಕಟ್ಟಿದ ಇನ್ನೊಂದು ಗಂಟು. ಬಿಚ್ಚಿ ನೋಡುವುದು ಅಸಭ್ಯತೆ. ಒಲ್ಲೆನೆನ್ನುವುದು ಇನ್ನೂ ದೊಡ್ಡ ಅಸಭ್ಯತೆ. ಈ ದಾಕ್ಷಿಣ್ಯವು ಚಾಂಗಿ ವಿಮಾನ ನಿಲ್ದಾಣದಲ್ಲಿ ಎಷ್ಟು ದುಬಾರಿಯಾಗಬಲ್ಲದೆಂಬುದನ್ನು ನಮ್ಮ ಪ್ರವಾಸಿಗರು ಯೋಚಿಸಿದಂತಿಲ್ಲ.

ಸಿಂಗಪುರದ ಕಾನೂನೆಂದರೆ ಚೂಯಿಂಗ್ ಗಮ್ ನಿಷೇಧವೆಂದು ನಗುವವರೇ ಹೆಚ್ಚು. 1992ರ ಆ ನಿಷೇಧವು 2004ರಲ್ಲಿ ಔಷಧೀಯ ಗಮ್‌ಗಳ ಮಟ್ಟಿಗೆ ಸಡಿಲಗೊಂಡಿತು. ಆದರೆ 1973ರ ಮಾದಕವಸ್ತು ದುರ್ಬಳಕೆ ಕಾಯ್ದೆ ನಗುವ ವಿಷಯವಲ್ಲ. 15 ಗ್ರಾಂ ಮೀರಿದ ಶುದ್ಧ ಹೆರಾಯಿನ್ ಅಥವಾ 500 ಗ್ರಾಂ ಮೀರಿದ ಗಾಂಜಾ ಸಾಗಿಸಿದವರಿಗೆ ಮರಣದಂಡನೆ ವಿಧಿಸಬಹುದು. 2022ರ ಏಪ್ರಿಲ್‌ನಲ್ಲಿ ಸುಮಾರು 43 ಗ್ರಾಂ ಹೆರಾಯಿನ್ ಸಾಗಿಸಿದ್ದ ಮಲೇಷ್ಯಾದ ಪ್ರಜೆಯೊಬ್ಬನನ್ನು, ಜಗತ್ತಿನ ಹಲವೆಡೆಗಳಿಂದ ಮನವಿಗಳು ಬಂದರೂ, ಗಲ್ಲಿಗೇರಿಸಲಾಯಿತು.

ಪ್ರಮಾಣಕ್ಕಿಂತ ಮುಖ್ಯವಾದುದು ರುಜುವಾತಿನ ಹೊಣೆ. ಕೈಯಲ್ಲಿರುವ ಪೊಟ್ಟಣದಲ್ಲಿ ಮಾದಕವಸ್ತು ಸಿಕ್ಕರೆ, ಒಯ್ದವನಿಗೆ ಅದರ ಅರಿವಿತ್ತೆಂದೇ ಕಾನೂನು ಭಾವಿಸುತ್ತದೆ. ಇರಲಿಲ್ಲವೆಂದು ಸಾಬೀತುಪಡಿಸಬೇಕಾದವನು ಆರೋಪಿ. ನಮ್ಮ 1985ರ ಮಾದಕವಸ್ತು ಕಾಯ್ದೆಯಲ್ಲೂ ಇಂತಹ ಅಂಶವಿದೆ ಎಂಬುದು ಬಹುಮಂದಿಗೆ ತಿಳಿಯದು. ‘ಯಾರೋ ಕೊಟ್ಟರು, ತಂದೆ’ ಎಂಬ ಮಾತಷ್ಟೇ ಅಲ್ಲಿ ರಕ್ಷಣೆಯಾಗಲಾರದು. ಸ್ವಂತ ಬಳಕೆಯ ಕೆಲವು ನಿದ್ರೆಗುಳಿಗೆಗಳಿಗೂ, ಕೊಡೀನ್ ಇರುವ ಔಷಧಗಳಿಗೂ ಮುಂಚಿತ ಅನುಮತಿ ಬೇಕಾಗಬಹುದು.

ಗಲ್ಲು ಶಿಕ್ಷೆ ನನಗೆ ಒಪ್ಪಿಗೆಯಾದುದಲ್ಲ. ಆದರೆ ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ, ಗ್ಯಾರಿ ಬೆಕರ್ 1968ರಲ್ಲಿ ಬರೆದ ಪ್ರಬಂಧವನ್ನು ನೆನೆಯುತ್ತೇನೆ. ಅಪರಾಧವೆಸಗುವವನು ಶಿಕ್ಷೆಯ ಉಗ್ರತೆಯನ್ನು ಮಾತ್ರವಲ್ಲ, ಸಿಕ್ಕಿಬೀಳುವ ಸಂಭವವನ್ನೂ ಲೆಕ್ಕ ಹಾಕುತ್ತಾನೆ. ಸಿಂಗಪುರದಲ್ಲಿ ಎರಡೂ ಅಧಿಕ. ನಮ್ಮಲ್ಲಿ ಎರಡನೆಯದು ಕ್ಷೀಣ. ‘ಸ್ವಲ್ಪ ಅಡ್ಜಸ್ಟ್ ಮಾಡಿ ಸಾರ್’ ಎಂಬ ಮಾತನ್ನು ಸೇವಾವಧಿಯಲ್ಲಿ ನಾನೆಷ್ಟು ಬಾರಿ ಕೇಳಿದೆನೋ ಲೆಕ್ಕವಿಲ್ಲ. ಅದೇ ಮಾತಿನೊಂದಿಗೆ ಅಲ್ಲಿ ನೋಟು ಚಾಚಿದರೆ, 1960ರ ಭ್ರಷ್ಟಾಚಾರ ತಡೆ ಕಾಯ್ದೆಯಡಿ ಐದು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ಸಿಂಗಪುರ ಡಾಲರ್‌ವರೆಗೆ ದಂಡ ವಿಧಿಸಬಹುದು.

ಉಳಿದವು ಸಣ್ಣವು, ಆದರೆ ಅರಿತಿರಬೇಕಾದವು. ಲಿಟಲ್ ಇಂಡಿಯಾದಲ್ಲಿ 2013ರ ಡಿಸೆಂಬರ್ 8ರಂದು ನಡೆದ ಗಲಭೆಯ ಬಳಿಕ 2015ರಲ್ಲಿ ಬಂದ ಕಾನೂನಿನಂತೆ, ರಾತ್ರಿ 10.30ರಿಂದ ಬೆಳಿಗ್ಗೆ 7ರವರೆಗೆ ಸಾರ್ವಜನಿಕ ಸ್ಥಳದಲ್ಲಿ ಮದ್ಯಪಾನ ಸಲ್ಲದು. ಆ ಬಡಾವಣೆಯಲ್ಲಿ ವಾರಾಂತ್ಯದ ನಿರ್ಬಂಧ ಇನ್ನೂ ದೀರ್ಘ. ಇ-ಸಿಗರೇಟು ಜೇಬಿನಲ್ಲಿದ್ದರೂ ಅಪರಾಧ. ಊಟದ ಅಂಗಡಿಗಳ ಮೇಜಿನ ಮೇಲೆ ಕಾಗದದ ಕರವಸ್ತ್ರದ ಪೊಟ್ಟಣವಿದ್ದರೆ ಆ ಸ್ಥಳವನ್ನು ಯಾರೋ ಕಾದಿರಿಸಿದ್ದಾರೆಂದು ಅರ್ಥ. ನಮ್ಮ ಬಸ್ಸಿನ ಸೀಟಿನ ಟವೆಲ್ಲಿನ ತಮ್ಮನಿದು. ಅಲ್ಲಿ ಜಗಳವಾಗುವುದು ಅಪರೂಪ.

ಪೊಟ್ಟಣದ ವಿಷಯದಲ್ಲಿ ನನ್ನದೊಂದು ನಿಯಮವಿದೆ. ಕೊಟ್ಟವರ ಎದುರಿಗೇ ಬಿಚ್ಚಿ, ಕಂಡದ್ದನ್ನು ಚೀಟಿಯಲ್ಲಿ ಬರೆದು, ನಾನೇ ಮತ್ತೆ ಕಟ್ಟುತ್ತೇನೆ. ಹತ್ತಿರದ ಬಂಧುವೊಬ್ಬರು ಇದಕ್ಕಾಗಿ ಎರಡು ವರ್ಷಗಳಿಂದ ನನ್ನೊಡನೆ ಮಾತು ಬಿಟ್ಟಿದ್ದಾರೆ.