ಕಸೆ, ಗುಂಡಿ, ಕೊಕ್ಕೆಪಟ್ಟಿ

ಹೋದ ವರ್ಷ ಪಾರ್ಶ್ವವಾಯುವಿನಿಂದ ನಮ್ಮ ಬಲಗೈಯ ಬೆರಳುಗಳು ಸೆಟೆದವು. ಮಾತು ಉಳಿಯಿತು, ನಡಿಗೆ ಮರಳಿತು; ಅಂಗಿಯ ಗುಂಡಿಯನ್ನು ಕಾಜಕ್ಕೆ ತೂರಿಸುವ ಶಕ್ತಿ ಮಾತ್ರ ಮರಳಲಿಲ್ಲ. ಮುಪ್ಪಿನಲ್ಲಿ ಎಳೆಗೂಸಿನಂತೆ ಅನ್ಯರಿಂದ ಅಂಗಿ ತೊಡಿಸಿಕೊಳ್ಳುವ ಸಂಕೋಚವನ್ನು ಅನುಭವಿಸಿದವರೇ ಬಲ್ಲರು. ಮಾಣಿಕನಗರದ ನಮ್ಮ ದರ್ಜಿಯು ಇದನ್ನರಿತು, ಗುಂಡಿಗಳನ್ನು ಅಲಂಕಾರಕ್ಕೆಂದು ಮೇಲೆ ಉಳಿಸಿ, ಅಡಿಯಲ್ಲಿ ಪಟ್ಟಿಯೊಂದನ್ನು ಹೊಲಿದುಕೊಟ್ಟರು. ಒತ್ತಿದರೆ ಅಂಟುತ್ತದೆ, ಎಳೆದರೆ ಪರ್ರನೆ ಬಿಚ್ಚುತ್ತದೆ.

“ಇದಕ್ಕ ಏನಂತಾರಪ್ಪಾ?” ಎಂದೆವು.

“ವೆಲ್ಕ್ರೋ ಅಂತಾರ್ರೀ ಅಜ್ಜಾರ.”

ಜೊತೆಗಿದ್ದ ಮೊಮ್ಮಗ ಕೇಳಿದನು: “ಅಜ್ಜಾ, ಕನ್ನಡದಾಗ?” ನಿಘಂಟುಗಳ ನಡುವೆ ನಾಲ್ವತ್ತು ವರ್ಷ ಕಳೆದ ನಮ್ಮಲ್ಲಿ ಉತ್ತರವಿರಲಿಲ್ಲ.

ಇದರ ಮೂಲ ಸ್ವಾರಸ್ಯಕರವಾದುದು. 1941ರಲ್ಲಿ ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಜಾರ್ಜ್ ದ ಮೆಸ್ಟ್ರಾಲ್ ನಾಯಿಯೊಡನೆ ತಿರುಗಾಡಿ ಬಂದಾಗ, ಬಟ್ಟೆಗೂ ನಾಯಿಯ ಕೂದಲಿಗೂ ಮುಳ್ಳುಕಾಯಿಗಳು ಅಂಟಿದ್ದವು. ಸೂಕ್ಷ್ಮದರ್ಶಕದಲ್ಲಿ ನೋಡಲು ಮುಳ್ಳಿನ ತುದಿಯೆಲ್ಲ ಕೊಕ್ಕೆ! ವರ್ಷಗಟ್ಟಲೆ ಶ್ರಮಿಸಿ, ಒಂದು ಪಟ್ಟಿಗೆ ನೈಲಾನಿನ ಕೊಕ್ಕೆಗಳನ್ನೂ ಇನ್ನೊಂದಕ್ಕೆ ಮೆತ್ತನೆಯ ಕುಣಿಕೆಗಳನ್ನೂ ಮೂಡಿಸಿ, 1955ರಲ್ಲಿ ಪೇಟೆಂಟ್ ಪಡೆದನು. ಫ್ರೆಂಚಿನ ‘ವೆಲೂರ್’ ಎಂದರೆ ಮಖಮಲ್ಲು, ‘ಕ್ರೋಶೆ’ ಎಂದರೆ ಕೊಕ್ಕೆ. ಇವೆರಡರ ಮೊದಲ ಭಾಗಗಳು ಕೂಡಿ ‘ವೆಲ್ಕ್ರೋ’. ಅದು ಒಂದು ಕಂಪನಿಯ ನೋಂದಾಯಿತ ಹೆಸರು. ಎಲ್ಲ ಪಟ್ಟಿಗಳನ್ನೂ ಹಾಗೆ ಕರೆಯಬೇಡಿರೆಂದು 2017ರಲ್ಲಿ ಆ ಕಂಪನಿಯೇ ಹಾಡು ಕಟ್ಟಿ ಬೇಡಿಕೊಂಡಿತು!

ಎರವಲು ಪದದಿಂದ ನಮಗೇನೂ ನಾಚಿಕೆಯಿಲ್ಲ. ಕಸೆ ನಮ್ಮದು; ಗುಂಡಿ ತೂರುವ ‘ಕಾಜ’ವೂ ಬೀಗದ ‘ಚಾವಿ’ಯೂ ಪೋರ್ಚುಗೀಸರಿಂದ ಬಂದವು. ಮಾಣಿಕಪ್ರಭುಗಳು (1817–1865) ಕನ್ನಡ, ಮರಾಠಿ, ಉರ್ದು ಮೊದಲಾದ ನುಡಿಗಳಲ್ಲಿ ಪದಗಳನ್ನು ರಚಿಸಿದ ನೆಲವಿದು. ಇಲ್ಲಿ ಯಾವ ಮಾತೂ ಪರಕೀಯವಲ್ಲ. ನಮ್ಮನ್ನು ಚುಚ್ಚಿದ ಸಂಗತಿ ಬೇರೆ. ಹೊಲದ ಬದುವಿನ ಉತ್ತರಾಣಿ, ಹಾಳುನೆಲದ ಮರುಳುಮ್ಮತ್ತಿ ನಮ್ಮ ಧೋತರಕ್ಕೂ ಎಷ್ಟು ಸಲ ಅಂಟಿಲ್ಲ! ನಾವು ಶಪಿಸಿ ಕಿತ್ತೆಸೆದೆವು. ಆತ ನಿಂತು ನೋಡಿದನು. ಹೆಸರಿಡುವ ಅಧಿಕಾರ ನೋಡಿದವನಿಗೆ ದಕ್ಕಿತು.

‘ಕೊಕ್ಕೆಪಟ್ಟಿ’ ಎನ್ನೋಣವೆಂದು ಮೊಮ್ಮಗನಿಗೆ ಹೇಳಿದೆವು. ಮರುದಿನ ಅವನು ಮರುಳುಮ್ಮತ್ತಿಯ ಕಾಯೊಂದನ್ನು ತಂದು ನಮ್ಮ ತೋಳಿಗೆ ಅಂಟಿಸಿ, “ಅಜ್ಜಾ, ಇದ ಅಲ್ಲೇನು?” ಎಂದನು. ಅದರ ಮುಳ್ಳಿಗೂ ಕೊಕ್ಕೆಯುಂಟು. ನಾವು ಪೆಟ್ಟಿಗೆಯಿಂದ ಭೂತಗನ್ನಡಿ ತೆಗೆದುಕೊಟ್ಟೆವು.

ಓದುಗ ಬಂಧುಗಳೇ, ಮಕ್ಕಳು ಬಟ್ಟೆಯ ತುಂಬ ಮುಳ್ಳು ಹೊತ್ತು ಮನೆಗೆ ಬಂದರೆ ಒಡನೆಯೇ ಗದರದಿರಿ. ಕೀಳುವ ಮುನ್ನ ಒಮ್ಮೆ ನೋಡಗೊಡಿರಿ. ಇಂದು ನಾವು ನಮ್ಮ ಅಂಗಿಯನ್ನು ನಾವೇ ತೊಡುತ್ತಿರುವುದು ಅಂಥದೊಂದು ನೋಟದ ಫಲ.