ಒಗೆಯುವ ಕೋಣೆ: ಮೊದಲು ಇಳಿಜಾರು, ಆಮೇಲೆ ಟೈಲ್ಸ್

ಮಳೆಗಾಲದ ಭಾನುವಾರ ಸಂಜೆ ಬಹಳಷ್ಟು ಮನೆಗಳಲ್ಲಿ ಕೇಳಿಬರುವ ದೂರು ಒಂದೇ: ಮಕ್ಕಳ ಸಮವಸ್ತ್ರ ಒಣಗಿಲ್ಲ. ಅಡುಗೆಮನೆಯ ಹಿಂದಿನ ಒಗೆಯುವ ಕೋಣೆಯಲ್ಲಿ ನೀರು ನಿಂತಿರುತ್ತದೆ, ಪಾಚಿ ಕಟ್ಟಿರುತ್ತದೆ, ಗೋಡೆಯ ಸುಣ್ಣ ಹಕ್ಕಳೆಯಾಗಿ ಉದುರುತ್ತಿರುತ್ತದೆ. ಅಜ್ಜಿ ಅತ್ತ ಕಾಲಿಟ್ಟರೆ ಎಲ್ಲಿ ಜಾರಿ ಬೀಳುತ್ತಾರೋ ಎಂಬ ಅಂಜಿಕೆ ಬೇರೆ. ಇದನ್ನು ಸರಿಪಡಿಸುವ ಮಾತು ಪ್ರತಿ ವರ್ಷವೂ ಬರುತ್ತದೆ. ಶಾಲೆಯ ಶುಲ್ಕ, ಪುಸ್ತಕ, ಬೂಟುಗಳ ಖರ್ಚು ಎದುರಾದೊಡನೆ ಆ ಮಾತು ಮುಂದಕ್ಕೆ ಹೋಗುತ್ತದೆ.

ಕೊನೆಗೊಮ್ಮೆ ಕೈಯಲ್ಲಿ ನಾಲ್ಕು ಕಾಸು ಕೂಡಿದಾಗ ಆಗುವ ತಪ್ಪು ಕೂಡ ಸಾಮಾನ್ಯವಾದದ್ದೇ. ಹೊಳೆಯುವ ಟೈಲ್ಸ್ ಬರುತ್ತದೆ, ನೀರು ಮಾತ್ರ ಹಳೆಯ ಜಾಗದಲ್ಲೇ ನಿಲ್ಲುತ್ತದೆ. ಸಣ್ಣ ಕೋಣೆಗೆ ಸಣ್ಣ ಹಣ ಸಾಕು, ಆದರೆ ಆ ಹಣ ಮೊದಲು ಕಣ್ಣಿಗೆ ಕಾಣದ ಕಡೆ ಸೇರಬೇಕು. ನೆಲದ ಇಳಿಜಾರು, ಗೋಡೆಯ ತೇವ, ವಿದ್ಯುತ್ತಿನ ಅರ್ಥಿಂಗ್: ಈ ಮೂರು ಸರಿಯಾದರೆ ಉಳಿದದ್ದಕ್ಕೆ ಕಾಯಬಹುದು.

ಆದ್ದರಿಂದ ಗಾರೆಯವರನ್ನು ಕರೆಯುವ ಮೊದಲು ಒಂದು ಹಾಳೆಯಲ್ಲಿ ಮೂರು ಪಟ್ಟಿ ಬರೆಯುವುದು ಲೇಸು: ಆಗಲೇಬೇಕಾದದ್ದು, ಆದರೆ ಒಳ್ಳೆಯದು, ಮುಂದಿನ ವರ್ಷಕ್ಕೆ. ಈ ಪಟ್ಟಿಯನ್ನೂ ಅಳತೆಯನ್ನೂ ಹೈಸ್ಕೂಲಿನ ಮಕ್ಕಳಿಗೇ ವಹಿಸಬಹುದು. ಅವರ ಪಠ್ಯದಲ್ಲಿರುವ ಗಣಿತ, ವಿಜ್ಞಾನವೇ ಇಲ್ಲಿ ಕೆಲಸಕ್ಕೆ ಬರುತ್ತದೆ.

ನೆಲದ ಲೆಕ್ಕ

ಒಂದು ಬಕೆಟ್ ನೀರು ಚೆಲ್ಲಿ ಹತ್ತು ನಿಮಿಷ ಬಿಟ್ಟು ನೋಡಿದರೆ ನೆಲದ ತಗ್ಗುಗಳೆಲ್ಲ ತಾವಾಗಿಯೇ ಗೊತ್ತಾಗುತ್ತವೆ. ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಬೇಕು. ನೀರು ಸರಾಗವಾಗಿ ಹರಿಯಲು 6 ಅಡಿ ಉದ್ದಕ್ಕೆ ಸುಮಾರು 1 ಇಂಚು ಇಳಿಜಾರು ಬೇಕು. ಇದನ್ನು ಅಳೆಯಲು ದುಬಾರಿ ಉಪಕರಣ ಬೇಕಿಲ್ಲ. ಪಾರದರ್ಶಕ ಕೊಳವೆಯಲ್ಲಿ ಗುಳ್ಳೆ ಇಲ್ಲದಂತೆ ನೀರು ತುಂಬಿ ಎರಡು ತುದಿಗಳನ್ನು ಎದುರು ಬದುರು ಗೋಡೆಗೆ ಹಿಡಿದರೆ ನೀರು ಎರಡೂ ಕಡೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಆ ಮಟ್ಟಕ್ಕೆ ಗೆರೆ ಎಳೆದು ಕೆಳಕ್ಕೆ ಅಳೆದರಾಯಿತು. ಗಾರೆಯವರು ಬಳಸುವ ಉಪಾಯವೂ ಇದೇ.

ಕೋಣೆ 5 ಅಡಿ ಅಗಲ, 6 ಅಡಿ ಉದ್ದ ಇದೆ ಎನ್ನಿ. ದೂರದ ತುದಿಯಲ್ಲಿ 2 ಇಂಚು, ನೀರು ಹೋಗುವ ಕಡೆ 1 ಇಂಚು ಗಾರೆ ಹಾಕಿದರೆ ಸರಾಸರಿ ದಪ್ಪ ಒಂದೂವರೆ ಇಂಚು. 30 ಚದರ ಅಡಿಗೆ 3.75 ಘನ ಅಡಿ ಗಾರೆಯಾಯಿತು. ಒಣ ಸಾಮಗ್ರಿ ಕಲಸಿದಾಗ ಕುಗ್ಗುವುದರಿಂದ ಮೂರನೇ ಒಂದು ಪಾಲು ಹೆಚ್ಚಿಗೆ ಸೇರಿಸಿ 5 ಘನ ಅಡಿ ಎಂದು ಹಿಡಿಯಬೇಕು. ಒಂದಕ್ಕೆ ನಾಲ್ಕರ ಪ್ರಮಾಣದಲ್ಲಿ ಸಿಮೆಂಟು 1 ಘನ ಅಡಿ, ಮರಳು 4 ಘನ ಅಡಿ. ಸಿಮೆಂಟಿನ 50 ಕಿಲೋ ಚೀಲದಲ್ಲಿ ಸುಮಾರು ಒಂದೂಕಾಲು ಘನ ಅಡಿ ಇರುವುದರಿಂದ ನೆಲಕ್ಕೆ ಒಂದೇ ಚೀಲ ಸಾಕು. ಈ ಲೆಕ್ಕ ತಿಳಿದ ಮನೆಯವರು ಮೂರು ಚೀಲ ತಂದು ಎರಡನ್ನು ಗಟ್ಟಿಗಟ್ಟಲು ಬಿಡುವುದಿಲ್ಲ.

ಹೊಸ ನೆಲ ಅಡುಗೆಮನೆಯ ನೆಲಕ್ಕಿಂತ ತಗ್ಗಿನಲ್ಲೇ ಉಳಿಯಬೇಕು. ಉಳಿಯದು ಎಂದಾದರೆ ಹಳೆಯ ಗಾರೆಯನ್ನು ಒಡೆದು ತೆಗೆಯುವುದು ಅನಿವಾರ್ಯ. ನೀರು ಹೋಗುವ ಬಾಯಿಗೆ ನಹನಿ ಟ್ರ್ಯಾಪ್ ಇಡಿಸಬೇಕು. ಅದರ ಬಾಗಿನಲ್ಲಿ ಸದಾ ನಿಲ್ಲುವ ನೀರು ಮೋರಿಯ ವಾಸನೆಯನ್ನೂ ಜಿರಲೆಯನ್ನೂ ತಡೆಯುತ್ತದೆ.

ಮೇಲ್ಮೈಯನ್ನು ಕನ್ನಡಿಯಂತೆ ನಯ ಮಾಡಿಸಬಾರದು. ತುಸು ಒರಟಾದ ಸಿಮೆಂಟಿನ ನೆಲವೇ ಸಾಕು. ಹಣವಿದ್ದರೆ ಪಾಲಿಶ್ ಮಾಡದ ಶಹಾಬಾದ್ ಕಲ್ಲು ಹಾಕಿಸಬಹುದು. ಇದು ಸುಣ್ಣದ ಕಲ್ಲು, ಆ್ಯಸಿಡ್ ಬಿದ್ದರೆ ನೊರೆಯೆದ್ದು ಸವೆಯುತ್ತದೆ. ಕಲೆ ತೆಗೆಯಲು ಆ್ಯಸಿಡ್ ಮತ್ತು ಬ್ಲೀಚಿಂಗ್ ಪುಡಿಯನ್ನು ಒಟ್ಟಿಗೆ ಸುರಿಯುವುದಂತೂ ಎಂದಿಗೂ ಕೂಡದು. ಆಗ ಹೊರಡುವ ಕ್ಲೋರಿನ್ ಅನಿಲ ಇಕ್ಕಟ್ಟಾದ ಕೋಣೆಯಲ್ಲಿ ಜೀವಕ್ಕೇ ಅಪಾಯ.

ಹಳೆಯ ಒಗೆಯುವ ಕಲ್ಲನ್ನು ಎಸೆಯಬೇಕಾಗಿಲ್ಲ. ಇಟ್ಟಿಗೆಯ ಎರಡು ಕಟ್ಟೆಗಳ ಮೇಲೆ, ಒಗೆಯುವವರ ಸೊಂಟದ ಮಟ್ಟಕ್ಕೆ ಅದನ್ನು ಏರಿಸಿ ಕೂರಿಸಿದರೆ ತಾಯಂದಿರ ಬೆನ್ನು ಉಳಿಯುತ್ತದೆ.

ಗೋಡೆಯ ತೇವ

ಗೋಡೆಯ ಮೇಲೆ ಮೂಡುವ ಬಿಳಿ ಪುಡಿ ಉಪ್ಪಿನಂಶ. ಇಟ್ಟಿಗೆಯೊಳಗೆ ಏರಿದ ನೀರು ಆರಿ ಹೋದಾಗ ಅದು ಹೊರಗೆ ಉಳಿಯುತ್ತದೆ. ಅದರ ಮೇಲೆ ಬಣ್ಣ ಬಳಿದರೆ ಹಣ ನೀರಿಗೆ ಹಾಕಿದಂತೆಯೇ ಸರಿ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಗೋಡೆಗೆ ಅಂಟಿಸಿ ಎರಡು ದಿನ ಬಿಡಬೇಕು. ಹಾಳೆಯ ಒಳಬದಿಯಲ್ಲಿ ಹನಿ ಕಂಡರೆ ತೇವ ಗೋಡೆಯಿಂದ ಬರುತ್ತಿದೆ. ಹೊರಬದಿಯಲ್ಲಿ ಕಂಡರೆ ಕೋಣೆಯ ಗಾಳಿಯಿಂದ. ಮೊದಲನೆಯದಾದರೆ ಸೋರುವ ನಲ್ಲಿ, ಪೈಪು ಹುಡುಕಿ ಸರಿಪಡಿಸಿ, ಸಡಿಲವಾದ ಗಾರೆ ಕೆರೆದು, ಗೋಡೆ ಪೂರಾ ಒಣಗಿದ ಮೇಲೆ ಹೊಸ ಗಿಲಾವು ಮಾಡಿಸಬೇಕು. ಎರಡನೆಯದಾದರೆ ಗಾಳಿಗೆ ದಾರಿ ಮಾಡಿದರೆ ಸಾಕು.

ವಿದ್ಯುತ್ತಿನಲ್ಲಿ ಉಳಿತಾಯ ಬೇಡ

ನೀರು ಕಾಯಿಸುವ ವಾಷಿಂಗ್ ಮೆಷಿನ್ 2000 ವ್ಯಾಟ್‌ನದಾದರೆ, ಅದನ್ನು 230 ವೋಲ್ಟ್‌ನಿಂದ ಭಾಗಿಸಿದಾಗ ಸುಮಾರು 9 ಆಂಪಿಯರ್ ಬರುತ್ತದೆ. 6 ಆಂಪಿಯರ್‌ನ ಚಿಕ್ಕ ಸಾಕೆಟ್ ಅದನ್ನು ತಾಳದು. 16 ಆಂಪಿಯರ್‌ನದೇ ಬೇಕು. ಪ್ಲಗ್ಗಿನ ಮೂರನೆಯ, ದಪ್ಪನೆಯ ಕಡ್ಡಿ ಅರ್ಥಿಂಗಿಗೆ ಸೇರಿದ್ದು. ಅದನ್ನು ಮುರಿದು ಎರಡು ಕಡ್ಡಿಯ ಸಾಕೆಟ್ಟಿಗೆ ತುರುಕುವುದು ಒದ್ದೆ ನೆಲದ ಮೇಲೆ ಸಾವನ್ನು ಕರೆದಂತೆ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಎಂಬ ಸಾಧನ, ವಿದ್ಯುತ್ ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಸಂಪರ್ಕ ಕಡಿಯುತ್ತದೆ. ಈ ಕೆಲಸ ಮಕ್ಕಳಿಗಲ್ಲ, ಮನೆಯ ಹಿರಿಯರಿಗೂ ಅಲ್ಲ. ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ರಿಂದಲೇ ಆಗಬೇಕು. ಟೈಲ್ಸ್ ಕೈಬಿಟ್ಟಾದರೂ ಇದನ್ನು ಮಾಡಿಸಲೇಬೇಕು.

ಒಣಗಿಸುವ ಬಗೆ

ಬಟ್ಟೆ ಒಣಗಲು ಬಿಸಿಲೊಂದೇ ಬೇಕೆಂದಿಲ್ಲ, ಗಾಳಿಯ ಓಡಾಟವೂ ಬೇಕು. ಒಂದು ಗೋಡೆಯ ಕೆಳಭಾಗದಲ್ಲಿ, ಎದುರಿನ ಗೋಡೆಯ ಮೇಲ್ಭಾಗದಲ್ಲಿ ಸಿಮೆಂಟಿನ ಜಾಲಿ ಇಟ್ಟರೆ ತೇವದ ಗಾಳಿ ಹೊರಹೋಗುತ್ತದೆ. ಚಾವಣಿಯ ಕೆಳಗೆ ರಾಟೆಯಿಂದ ಏರಿಳಿಸುವ ಹಗ್ಗ ಕಟ್ಟಿ, ಬಟ್ಟೆಗಳ ನಡುವೆ ಅಂತರ ಬಿಟ್ಟು ಹರವಬೇಕು. ನೆಲದ ಜಾಗ ಖಾಲಿಯೇ ಉಳಿಯುತ್ತದೆ.

ಕೆಲಸದ ಕ್ರಮವೂ ಮುಖ್ಯ. ಮೊದಲು ಪೈಪು ಮತ್ತು ವೈರು, ಅನಂತರ ಗೋಡೆ, ಅದರ ಬಳಿಕ ನೆಲ, ಕಟ್ಟಕಡೆಗೆ ಬಣ್ಣ. ಹೊಸ ಗಾರೆಗೆ ಕನಿಷ್ಠ 7 ದಿನ ನೀರುಣಿಸಬೇಕು. ಬೆಳಿಗ್ಗೆ ಶಾಲೆಗೆ ಹೊರಡುವ ಮುನ್ನ, ಸಂಜೆ ಮರಳಿದ ಮೇಲೆ ಈ ಕೆಲಸವನ್ನು ಮಕ್ಕಳು ಸಂತೋಷದಿಂದಲೇ ಮಾಡುತ್ತಾರೆ.

ಎಲ್ಲ ಮುಗಿದ ಮೇಲೆ ಅದೇ ಬಕೆಟ್ ನೀರನ್ನು ಮತ್ತೊಮ್ಮೆ ಚೆಲ್ಲಿ ನೋಡಬೇಕು. ನೀರು ತಡೆಯಿಲ್ಲದೆ ಹರಿದು ಮೋರಿ ಸೇರಿದರೆ ಖರ್ಚಾದ ಹಣ ಸಾರ್ಥಕ. ಹರಿಯದೆ ನಿಂತರೆ, ಗಾರೆಯವರ ಕೂಲಿಯ ಕೊನೆಯ ಕಂತು ಕೊಡುವ ಮೊದಲೇ ಸರಿಪಡಿಸಿಕೊಳ್ಳುವುದು ಜಾಣತನ. ಟೈಲ್ಸ್ ಮುಂದಿನ ವರ್ಷ ಬಂದರೂ ಆದೀತು. ಅಜ್ಜಿ ಜಾರದೆ ನಡೆದಾಡುವುದು, ಸೋಮವಾರ ಬೆಳಿಗ್ಗೆ ಮಕ್ಕಳಿಗೆ ಒಣಗಿದ ಅಂಗಿ ಸಿಗುವುದು ಈ ವರ್ಷವೇ ಆಗಬೇಕು.