ಸಾಕ್ಷ್ಯಚಿತ್ರಕಾರ ನಿಲ್ಲಬೇಕಾದ ಜಾಗ: ಕಿಮ್ ಡಾಂಗ್-ವಾನ್ ಚಿತ್ರಗಳು

ಸಾಕ್ಷ್ಯಚಿತ್ರ ತೆಗೆಯುವವರು ತಾವು ಚಿತ್ರಿಸುವ ಜನರಿಂದ ಎಷ್ಟು ದೂರದಲ್ಲಿರಬೇಕು? ದೂರ ನಿಂತರೆ ಪಕ್ಷಪಾತ ತಪ್ಪುತ್ತದೆ ಎಂಬುದು ಒಂದು ವಾದ. ಹತ್ತಿರ ಹೋಗದೆ ಏನೂ ಕಾಣಿಸದು ಎಂಬುದು ಇನ್ನೊಂದು. ಜಪಾನಿನಲ್ಲಿ ಶಿನ್ಸುಕೆ ಒಗಾವಾ 1960ರ ದಶಕದ ಕೊನೆಯಲ್ಲಿ ವಿಮಾನ ನಿಲ್ದಾಣದ ವಿರುದ್ಧ ಹೋರಾಡುತ್ತಿದ್ದ ಸಾನ್ರಿಜುಕಾದ ರೈತರ ನಡುವೆಯೇ ವಾಸಿಸಿ ಈ ಎರಡನೆಯ ದಾರಿ ಹಿಡಿದರು. ದಕ್ಷಿಣ ಕೊರಿಯಾದಲ್ಲಿ ಅದನ್ನು ಹಿಡಿದು ಮೂರು ದಶಕ ಮೀರಿ ನಡೆದವರು ಕಿಮ್ ಡಾಂಗ್-ವಾನ್. ಆ ದಾರಿಯ ಬಲವೂ ಮಿತಿಯೂ ಅವರ ಚಿತ್ರಗಳಲ್ಲಿ ಒಟ್ಟಿಗೇ ಕಾಣುತ್ತವೆ.

1955ರಲ್ಲಿ ಹುಟ್ಟಿದ ಕಿಮ್ ಮೊದಲು ಕಥಾಚಿತ್ರಗಳಲ್ಲಿ ಸಹಾಯಕ ನಿರ್ದೇಶಕರಾಗಿದ್ದರು. 1988ರ ಒಲಿಂಪಿಕ್ಸ್‌ಗೆ ಸೋಲ್ ನಗರ ಸಿಂಗಾರಗೊಳ್ಳುತ್ತಿದ್ದಾಗ ಬಡವರ ಬಡಾವಣೆಗಳನ್ನು ಕೆಡವಲಾಗುತ್ತಿತ್ತು. ನಗರದ ಬಡವರೊಂದಿಗೇ ಬದುಕುತ್ತಿದ್ದ, 1986ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಜೆಸ್ಯೂಟ್ ಪಾದ್ರಿ ಜಾನ್ ಡೇಲಿ ಅವರ ಕೋರಿಕೆಯಂತೆ ಕಿಮ್ ಸಾಂಗ್ಯೆ-ಡಾಂಗ್ ಬಡಾವಣೆಗೆ ವಿಡಿಯೊ ಕ್ಯಾಮೆರಾ ಹಿಡಿದು ಹೋದರು. ಸ್ವಲ್ಪ ಹೊತ್ತಿನ ಕೆಲಸವೆಂದು ಹೋದವರು ಸುಮಾರು ಮೂರು ವರ್ಷ ಆ ಜನರ ಜೊತೆಗಿದ್ದರು. ಮನೆ ಕಳೆದುಕೊಂಡವರು ಮ್ಯೊಂಗ್‌ಡಾಂಗ್ ಕೆಥೆಡ್ರಲ್ಲಿನ ಅಂಗಳದಲ್ಲಿ ಡೇರೆ ಹಾಕಿದರು. ಅಲ್ಲಿಂದ ಬುಚೊನ್ ಊರಿಗೆ ಹೋದರು. ಒಲಿಂಪಿಕ್ ಜ್ಯೋತಿ ಸಾಗುವ ಹೆದ್ದಾರಿ ಆ ಜಾಗದ ಪಕ್ಕದಲ್ಲೇ ಇತ್ತು. ಅಲ್ಲಿ ಎದ್ದ ತಾತ್ಕಾಲಿಕ ಮನೆಗಳನ್ನೂ ಅಧಿಕಾರಿಗಳು ಕೆಡವಿದ್ದರಿಂದ ಜನ ನೆಲದಲ್ಲಿ ಗುಂಡಿ ತೋಡಿಕೊಂಡು ವಾಸಿಸಿದರು.

ಹೀಗೆ ಹುಟ್ಟಿದ 'ಸಾಂಗ್ಯೆ-ಡಾಂಗ್ ಒಲಿಂಪಿಕ್ಸ್' (1988) ಕೇವಲ 27 ನಿಮಿಷದ ಚಿತ್ರ. ಗೋಡೆ ಉರುಳುವುದನ್ನು ಯಾವ ಸುದ್ದಿ ಕ್ಯಾಮೆರಾ ಬೇಕಾದರೂ ಒಂದೇ ದಿನದಲ್ಲಿ ಹಿಡಿದೀತು. ಗೋಡೆ ಉರುಳಿದ ಮೇಲೆ ಅದೇ ಜನ ತಿಂಗಳುಗಟ್ಟಲೆ ಹೇಗೆ ಬದುಕಿದರು ಎಂಬುದು ಜೊತೆಗಿದ್ದವರಿಗೆ ಮಾತ್ರ ದಕ್ಕುವ ಸಂಗತಿ. 1987ರ ಜೂನ್‌ನಲ್ಲಿ ಪ್ರಜಾಪ್ರಭುತ್ವ ಹೋರಾಟದ ವಿದ್ಯಾರ್ಥಿಗಳು ಅದೇ ಕೆಥೆಡ್ರಲ್ ಸೇರಿದಾಗ ಅವರಿಗೆ ಅನ್ನ ಬೇಯಿಸಿ ಬಡಿಸಿದವರು ಈ ನಿರಾಶ್ರಿತರೇ. ಆ ಆರು ದಿನಗಳ ಧರಣಿಯ ಕುರಿತು ಕಿಮ್ 1997ರಲ್ಲಿ ಪ್ರತ್ಯೇಕ ಚಿತ್ರ ಮಾಡಿದರು.

1991ರಲ್ಲಿ ಅವರು 'ಪುರುನ್ ಪ್ರೊಡಕ್ಷನ್' ಎಂಬ ಸಾಕ್ಷ್ಯಚಿತ್ರ ತಂಡ ಕಟ್ಟಿದರು. ವಿಡಿಯೊಗಳನ್ನು ಸರ್ಕಾರದ ಪೂರ್ವಪರಿಶೀಲನೆಗೆ ಒಪ್ಪಿಸಬೇಕೆಂಬ ಕಾನೂನನ್ನು ಮೀರಿದ ಆರೋಪದ ಮೇಲೆ 1996ರಲ್ಲಿ ಪೊಲೀಸರು ತಂಡದ ಕಚೇರಿಯ ಮೇಲೆ ದಾಳಿ ನಡೆಸಿ ಕಿಮ್ ಅವರನ್ನು ಬಂಧಿಸಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ, ಬೇರೊಂದು ಚಿತ್ರತಂಡದ ಮೊಕದ್ದಮೆಯಲ್ಲಿ, ಚಲನಚಿತ್ರಗಳ ಪೂರ್ವ ಸೆನ್ಸಾರ್ ಸಂವಿಧಾನಬಾಹಿರವೆಂದು ದೇಶದ ಸಾಂವಿಧಾನಿಕ ನ್ಯಾಯಾಲಯ ತೀರ್ಪಿತ್ತಿತು. ಯಾವ ನೋಟ ನಿಷ್ಪಕ್ಷಪಾತ, ಯಾವುದು ಅಲ್ಲ ಎಂದು ತೀರ್ಮಾನಿಸುವ ಅಧಿಕಾರ ಅಲ್ಲಿಯವರೆಗೆ ಪ್ರಭುತ್ವದ ಕೈಯಲ್ಲಿತ್ತು. ತಟಸ್ಥತೆಯ ವಾದವನ್ನು ತೂಗುವಾಗ ಈ ಹಿನ್ನೆಲೆಯನ್ನು ಮರೆಯುವಂತಿಲ್ಲ.

ಕಿಮ್ ಅವರ ಪ್ರಮುಖ ಕೃತಿ 'ಸೊಂಗ್‌ಹ್ವಾನ್', ಅಂದರೆ ತಾಯ್ನಾಡಿಗೆ ಮರಳಿ ಕಳಿಸುವುದು. ಉತ್ತರ ಕೊರಿಯಾದ ಗೂಢಚಾರರೆಂದು ಸೆರೆಸಿಕ್ಕು, ತಮ್ಮ ಸಿದ್ಧಾಂತ ಬಿಟ್ಟೆವೆಂದು ಬರೆದುಕೊಡಲು ಒಪ್ಪದೆ ದಶಕಗಟ್ಟಲೆ ಜೈಲಿನಲ್ಲಿದ್ದ ವೃದ್ಧರ ಕಥೆ ಅದು. ಅವರಲ್ಲಿ ಕಿಮ್ ಸನ್-ಮ್ಯುಂಗ್ ಎಂಬವರ ಸೆರೆವಾಸ ಸುಮಾರು 44 ವರ್ಷ. ಬಿಡುಗಡೆಯಾದ ಇಬ್ಬರು 1992ರಲ್ಲಿ ನಿರ್ದೇಶಕರ ನೆರೆಹೊರೆಗೆ ಬಂದು ನೆಲೆಸಿದರು. ಹೆಚ್ಚುಕಡಿಮೆ 12 ವರ್ಷಗಳ ಒಡನಾಟದಲ್ಲಿ ಸೇರಿದ ಸುಮಾರು 800 ಗಂಟೆಗಳ ಚಿತ್ರೀಕರಣ ಎರಡೂವರೆ ಗಂಟೆಯ ಚಿತ್ರವಾಯಿತು. 2000ದ ಸೆಪ್ಟೆಂಬರ್ 2ರಂದು ಇಂಥ 63 ಮಂದಿ ಉತ್ತರಕ್ಕೆ ಮರಳಿದರು. 2004ರ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಚಿತ್ರಕ್ಕೆ ಅಭಿವ್ಯಕ್ತಿ ಸ್ವಾತಂತ್ರ್ಯ ಪ್ರಶಸ್ತಿ ಸಂದಿತು.

ಸಾಮೀಪ್ಯದ ವಿರುದ್ಧ ಮುಖ್ಯವಾಗಿ ಎರಡು ಆಕ್ಷೇಪಗಳಿವೆ. ಸ್ನೇಹ ವಿಮರ್ಶೆಯನ್ನು ಮಂಕಾಗಿಸುತ್ತದೆ ಎಂಬುದು ಮೊದಲನೆಯದು. 'ಸೊಂಗ್‌ಹ್ವಾನ್' ಇದಕ್ಕೆ ಉತ್ತರ ಕೊಡುತ್ತದೆ. ನಿರೂಪಣೆ ನಿರ್ದೇಶಕರ ಸ್ವಂತ ದನಿಯಲ್ಲೇ ಇದೆ. ವೃದ್ಧರ ಮೇಲಿನ ಅಕ್ಕರೆಯ ಜೊತೆಗೆ ಉತ್ತರದ ನಾಯಕರ ಬಗೆಗಿನ ಅವರ ನಿಷ್ಠೆ ತಮ್ಮಲ್ಲಿ ಹುಟ್ಟಿಸಿದ ಮುಜುಗರವನ್ನೂ ಅವರು ಮುಚ್ಚಿಡುವುದಿಲ್ಲ. ತಾನು ಎಲ್ಲಿ ನಿಂತು ನೋಡುತ್ತಿದ್ದೇನೆ ಎಂದು ಚಿತ್ರವೇ ಹೇಳಿದಾಗ ಪ್ರೇಕ್ಷಕರು ಆ ಒಲವನ್ನು ಕಳೆದು ಲೆಕ್ಕ ಹಾಕಬಲ್ಲರು. ತಟಸ್ಥವೆಂದು ತೋರಿಸಿಕೊಳ್ಳುವ ಚಿತ್ರ ಆ ಅವಕಾಶವನ್ನೇ ಕೊಡುವುದಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ. ಒಬ್ಬರ ಹತ್ತಿರ ಹೋಗುವುದೆಂದರೆ ಇನ್ನೊಬ್ಬರಿಂದ ದೂರ ಉಳಿಯುವುದೇ. ಉತ್ತರ ಕೊರಿಯಾ ಅಪಹರಿಸಿದ ದಕ್ಷಿಣದವರ ಕುಟುಂಬಗಳ ಪ್ರತಿಭಟನೆ ಚಿತ್ರದಲ್ಲಿ ಕಾಣಿಸಿಕೊಂಡರೂ ಅವರ ಬಾಳು ಅಷ್ಟು ಆಳವಾಗಿ ತೆರೆದುಕೊಳ್ಳುವುದಿಲ್ಲ. ಒಂದೇ ಚಿತ್ರಕ್ಕೆ 12 ವರ್ಷ ತಗಲುವ ವಿಧಾನದಲ್ಲಿ ಎಲ್ಲರಿಗೂ ಪಾಲು ಸಿಗುವುದು ಸಾಧ್ಯವಿಲ್ಲ. ಈ ಕೊರತೆಯನ್ನು ಒಬ್ಬ ನಿರ್ದೇಶಕ ತುಂಬಲಾರ. ಬೇರೆಯವರ ಪಕ್ಕ ನಿಂತು ನೋಡುವ ಬೇರೆ ಚಿತ್ರಗಳಷ್ಟೇ ತುಂಬಬಲ್ಲವು.

ಕಿಮ್ ಮಾತ್ರ ತಮ್ಮ ವಿಧಾನ ಬದಲಿಸಲಿಲ್ಲ. ಯುದ್ಧಕಾಲದಲ್ಲಿ ಜಪಾನಿ ಸೇನೆಯ ಲೈಂಗಿಕ ಗುಲಾಮಗಿರಿಗೆ ಸಿಕ್ಕಿದ ಮಹಿಳೆಯರ ಕುರಿತು 2008ರಲ್ಲಿ, ಪಾದ್ರಿ ಡೇಲಿ ಅವರ ಕುರಿತು 2017ರಲ್ಲಿ ಚಿತ್ರ ಮಾಡಿದರು. ಹಿಂಸೆಗೆ ಮಣಿದು ಸಿದ್ಧಾಂತ ಬಿಟ್ಟೆವೆಂದು ಬರೆದುಕೊಟ್ಟಿದ್ದರಿಂದ 2000ದಲ್ಲಿ ಮರಳಲಾಗದೆ ಉಳಿದವರ ಬಗ್ಗೆ 2022ರಲ್ಲಿ 'ಎರಡನೆಯ ಸೊಂಗ್‌ಹ್ವಾನ್' ಬಂತು. ಮೊದಲ ಚಿತ್ರ ಮುಗಿದ ಮೇಲೂ ಸಂಬಂಧ ಮುಗಿಯಲಿಲ್ಲ ಎಂಬುದಕ್ಕೆ ಅದೇ ಪುರಾವೆ. ಸಾಕ್ಷ್ಯಚಿತ್ರದ ಪ್ರಾಮಾಣಿಕತೆಯನ್ನು ಅಳೆಯಬೇಕಾದದ್ದು ಕ್ಯಾಮೆರಾ ಎಷ್ಟು ದೂರದಲ್ಲಿತ್ತು ಎಂಬುದರಿಂದಲ್ಲ. ಎಲ್ಲಿತ್ತು ಎಂಬುದನ್ನು ಚಿತ್ರ ಒಪ್ಪಿಕೊಂಡಿತೇ, ಅಲ್ಲಿ ಸಾಕಷ್ಟು ಕಾಲ ನಿಂತಿತೇ ಎಂಬುದರಿಂದ. ಈ ಎರಡೂ ಅಳತೆಗೆ ಕಿಮ್ ಡಾಂಗ್-ವಾನ್ ಅವರ ಚಿತ್ರಗಳು ನಿಲ್ಲುತ್ತವೆ.